ತಂಡ ಆರಿಸುವ ಹೊತ್ತಿನ ಪಾಠ

ಫುಟ್‌ಬಾಲಿನಲ್ಲಿ ಭೇದಭಾವ ಎಂದರೆ ಟಿವಿ ನೋಡುವ ನಮ್ಮ ಮಂದಿಗೆ ನೆನಪಾಗುವುದು ಯುರೋಪಿನ ಸ್ಟೇಡಿಯಂ. ಕಪ್ಪು ಆಟಗಾರನ ಕಾಲಿಗೆ ಚೆಂಡು ಸಿಕ್ಕ ಕೂಡಲೇ ಗ್ಯಾಲರಿಯಿಂದ ಮಂಗನ ಕೂಗು, ತೂರಿಬಂದ ಬಾಳೆಹಣ್ಣು, ಆಟ ನಿಲ್ಲಿಸಿ ನಿಂತ ರೆಫರಿ. ಗೋಕಾಕ, ಮೂಡಲಗಿ, ಹುಕ್ಕೇರಿಯ ಶಾಲಾ ಮೈದಾನಗಳಲ್ಲಿ ಗ್ಯಾಲರಿಯೇ ಇಲ್ಲ. ಇಲ್ಲಿ ಭೇದಭಾವ ಸೀಟಿ ಊದುವುದಕ್ಕೆ ಮೊದಲೇ ತನ್ನ ಕೆಲಸ ಮುಗಿಸಿರುತ್ತದೆ. ಯಾರು ಮೈದಾನಕ್ಕೆ ಬಂದರು, ಯಾರನ್ನು ಮೊದಲು ಕರೆದರು, ಯಾರ ಅರ್ಜಿಯಲ್ಲಿ ಯಾವ ಕಾಲಂ ಖಾಲಿ ಉಳಿಯಿತು ಎಂಬಲ್ಲೇ ಅದು ನಡೆದುಹೋಗುತ್ತದೆ. ಫುಟ್‌ಬಾಲಿನ ಮೂಲಕ ತಾರತಮ್ಯ ಅಳಿಸಲು, ಎಲ್ಲರನ್ನೂ ಒಳಗೊಳ್ಳಲು ಎಂದು ತಯಾರಾದ ಪಾಠಸಾಮಗ್ರಿ ಜಗತ್ತಿನಲ್ಲಿ ರಾಶಿಗಟ್ಟಲೆ ಇದೆ. ಅದರಲ್ಲಿ ಈ ಮೂರು ತಾಲೂಕುಗಳ ಮಣ್ಣಿಗೆ ಯಾವುದು ಒಗ್ಗೀತು, ಯಾವುದು ಒಗ್ಗಲಾರದು ಎಂದು ನೋಡಬೇಕಾದ ಹೊತ್ತು ಬಂದಿದೆ.

ತಂಡ ಆರಿಸುವ ಹೊತ್ತನ್ನೇ ನೋಡಿ. ಇಬ್ಬರು ಕ್ಯಾಪ್ಟನ್‌ಗಳು ಎದುರುಬದುರು ನಿಂತು ಒಬ್ಬೊಬ್ಬರನ್ನೇ ಕರೆಯುತ್ತಾರೆ. ಮೊದಲ ನಾಲ್ಕೈದು ಹೆಸರು ಆಟದ ಲೆಕ್ಕದಲ್ಲಿ ಬರುತ್ತವೆ. ಆಮೇಲೆ ಓಣಿಯವರು, ಒಂದೇ ಬೆಂಚಿನವರು, ಒಂದೇ ಟಂಟಂನಲ್ಲಿ ಶಾಲೆಗೆ ಬರುವವರು. ಕೊನೆಗೆ ಉಳಿಯುವ ಇಬ್ಬರು ಮೂವರು ಹೆಚ್ಚುಕಡಿಮೆ ದಿನಾಲೂ ಅವರೇ. ಅವರಲ್ಲೊಬ್ಬನಿಗೆ "ನೀ ಗೋಲ್‌ನ್ಯಾಗ ನಿಂದರಲೇ" ಎಂಬ ಅಪ್ಪಣೆ. ಇನ್ನೊಬ್ಬನ ಕೆಲಸ ಕಬ್ಬಿನ ಹೊಲಕ್ಕೆ ಹೋದ ಚೆಂಡು ತರುವುದು. ತಪ್ಪು ಮಾಡಿದವನಿಗೆ ಸಿಗುವ ಬೈಗುಳ "ಹೆಣ್ಣ ಹುಡುಗಿ ಹಂಗ ಯಾಕ ಆಡ್ತಿ" ಎಂದು ಶುರುವಾಗಿ, ಜಗಳ ಬಲಿತರೆ ಮೈಬಣ್ಣಕ್ಕೂ ಜಾತಿಗೂ ತಲುಪುತ್ತದೆ. ನೀರಿನ ಬಿಡುವಿನಲ್ಲಿ ಯಾರ ಬಾಟಲಿಗೆ ಯಾರು ಬಾಯಿ ಹಚ್ಚುತ್ತಾರೆ, ಯಾರಿಗೆ ಮೇಲಿಂದ ಹನಿಸುತ್ತಾರೆ ಎಂದು ಗಮನಿಸಿದರೆ ಸಾಕು, ಊರಿನ ನಕ್ಷೆ ಸಿಗುತ್ತದೆ. ಅದನ್ನು ಪಿ.ಟಿ. ಮಾಸ್ತರರು ದಿನಾಲೂ ಕಾಣುತ್ತಾರೆ. ಮಾಡಬೇಕಾದ್ದೇನು ಎಂದು ಅವರಿಗೆ ಯಾರೂ ಕಲಿಸಿಲ್ಲ, ಅಷ್ಟೆ.

ಈ ಸೀಮೆ ಕುಸ್ತಿಯದು, ಕಬಡ್ಡಿಯದು, ಕೊಕ್ಕೊದ್ದು. ಫುಟ್‌ಬಾಲ್ ಬೆಳಗಾವಿ ನಗರದ ಆಟವಾಗಿ ಬೆಳೆಯಿತು. ದಂಡಿನ ಕ್ಯಾಂಪು, ಸೇಂಟ್ ಪಾಲ್ಸ್ ಶಾಲೆ ಇವೆಲ್ಲ ಅದರ ನೆಲೆಗಳು. ಘಟಪ್ರಭೆಯ ದಂಡೆಯ ಊರುಗಳಿಗೆ ಅದು ಮುಖ್ಯವಾಗಿ ಶಾಲಾ ಕ್ರೀಡಾಕೂಟದ ದಾರಿಯಲ್ಲಿ ಬಂತು. ಇದನ್ನು ಕೊರತೆ ಎನ್ನುವವರಿದ್ದಾರೆ. ನನಗೆ ಇದು ಅನುಕೂಲವಾಗಿ ಕಾಣುತ್ತದೆ. ಹಳೆಯ ಆಟಗಳಲ್ಲಿ ತಂಡಕ್ಕೊಂದು ಓಣಿ, ಗರಡಿಗೊಂದು ಮನೆತನ, ಕಪ್ಪಿಗೊಬ್ಬ ದಾನಿ ಹಿಂದಿನಿಂದಲೂ ಅಂಟಿಕೊಂಡಿರುತ್ತವೆ. ಫುಟ್‌ಬಾಲ್ ಇಲ್ಲಿ ಇನ್ನೂ ಯಾರ ಸ್ವತ್ತೂ ಆಗಿಲ್ಲ. ಹುಡುಗ ಹುಡುಗಿ ಇಬ್ಬರಿಗೂ ಅದು ಸಮನಾಗಿ ಹೊಸತು. ಹೊಸ ಆಟಕ್ಕೆ ಹೊಸ ರೂಢಿ ಹಾಕುವುದು ಹಳೆಯ ಆಟದ ರೂಢಿ ಬಿಡಿಸುವುದಕ್ಕಿಂತ ಸುಲಭ.

ಮೇಲಿನಿಂದ ಶುರುಮಾಡೋಣ. ಫಿಫಾದ ಸಂವಿಧಾನದ 4ನೇ ವಿಧಿ ತಾರತಮ್ಯವನ್ನು ನಿಷೇಧಿಸುತ್ತದೆ. ಅದರ ಪಟ್ಟಿಯಲ್ಲಿ ಜನಾಂಗ, ಮೈಬಣ್ಣ, ಲಿಂಗ, ಅಂಗವೈಕಲ್ಯ, ಭಾಷೆ, ಧರ್ಮದ ಜೊತೆಗೆ ಸಾಮಾಜಿಕ ಮೂಲ, ಸಂಪತ್ತು, ಹುಟ್ಟು ಎಂಬುವೂ ಇವೆ. ಜಾತಿ ಎಂಬ ಹೆಸರು ಅಲ್ಲಿಲ್ಲ. ಆದರೆ ಹುಟ್ಟು ಮತ್ತು ಸಾಮಾಜಿಕ ಮೂಲ ಎಂದಮೇಲೆ ಜಾತಿ ಅದರ ಹೊರಗೆ ಉಳಿಯಲಾರದು. ಆಟಗಾರನೊಬ್ಬ ತಾರತಮ್ಯದ ಮಾತಾಡಿದರೆ ಫಿಫಾದ ಶಿಸ್ತುಸಂಹಿತೆಯಲ್ಲಿ ಕನಿಷ್ಠ 10 ಪಂದ್ಯಗಳ ನಿಷೇಧವಿದೆ. 2024ರ ಮೇ ತಿಂಗಳಲ್ಲಿ ಬ್ಯಾಂಕಾಕ್‌ನ ಮಹಾಸಭೆಯಲ್ಲಿ ಒಂದು ಸಂಜ್ಞೆಯೂ ಒಪ್ಪಿತವಾಯಿತು. ನಿಂದನೆಗೆ ಗುರಿಯಾದ ಆಟಗಾರ ಎರಡೂ ಮುಂಗೈಗಳನ್ನು ಅಡ್ಡ ಹಿಡಿದು ತೋರಿಸಿದರೆ, ರೆಫರಿ ಆಟ ನಿಲ್ಲಿಸುವ, ಆಟಗಾರರನ್ನು ಹೊರಗೆ ಕರೆದೊಯ್ಯುವ, ಕಡೆಗೆ ಪಂದ್ಯವನ್ನೇ ರದ್ದು ಮಾಡುವ ಮೂರು ಹಂತಗಳ ಕ್ರಮ ಶುರುಮಾಡಬೇಕು. ಕ್ಯಾಮೆರಾ, ಭದ್ರತೆ, ಮೈಕು ಇರುವ ಸ್ಟೇಡಿಯಮ್ಮಿಗೆ ಇದು ಸರಿ. ಹುಕ್ಕೇರಿ ತಾಲೂಕಿನ ಹಳ್ಳಿಯ ಹೈಸ್ಕೂಲಿನಲ್ಲಿ ರೆಫರಿಯೂ ಪಿ.ಟಿ. ಮಾಸ್ತರರೇ, ದೂರು ಕೇಳುವವರೂ ಅವರೇ, ಬೈದ ಹುಡುಗನ ಅಪ್ಪ ಶಾಲಾಭಿವೃದ್ಧಿ ಸಮಿತಿಯ ಸದಸ್ಯ. ಅಲ್ಲಿ ಕೈ ಅಡ್ಡ ಹಿಡಿಯಲು ಯಾವ ಹುಡುಗನಿಗೆ ಧೈರ್ಯ ಬಂದೀತು?

ಫಿಫಾ ಶಾಲೆಗಳಿಗೆಂದೇ ಮಾಡಿದ ಕಾರ್ಯಕ್ರಮವೂ ಇದೆ. 2022ರ ಅಕ್ಟೋಬರಿನಲ್ಲಿ ಭಾರತದಲ್ಲಿ 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ ಮುಗಿಯುವ ಹೊತ್ತಿಗೆ ಕೇಂದ್ರ ಶಿಕ್ಷಣ ಸಚಿವಾಲಯ, ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ ಮತ್ತು ಫಿಫಾ ಒಪ್ಪಂದಕ್ಕೆ ಸಹಿ ಹಾಕಿದವು. 2.5 ಕೋಟಿ ಮಕ್ಕಳನ್ನು ಮುಟ್ಟುವ ಗುರಿ, 11 ಲಕ್ಷಕ್ಕೂ ಹೆಚ್ಚು ಚೆಂಡುಗಳ ವಿತರಣೆ, ಅದಕ್ಕೆ ನವೋದಯ ವಿದ್ಯಾಲಯಗಳ ಜಾಲ. ನಮ್ಮ ಜಿಲ್ಲೆಯ ನವೋದಯ ಇರುವುದು ಚಿಕ್ಕೋಡಿ ತಾಲೂಕಿನ ಕೋಥಳಿಯಲ್ಲಿ, ಹುಕ್ಕೇರಿಗೆ ದೂರವೇನಲ್ಲ. ಆಟದ ಜೊತೆ ಬದುಕಿನ ಕೌಶಲ ಕಲಿಸುವ ಪಾಠಗಳು ಆ ಕಾರ್ಯಕ್ರಮದ ಭಾಗ. ಪ್ರತಿ ಕಸರತ್ತಿಗೂ ಒಂದು ಮೌಲ್ಯ ಜೋಡಿಸಿದ್ದಾರೆ. ಪಾಠಗಳು ಚೆನ್ನಾಗಿಯೇ ಇವೆ. ಆದರೆ "ಎಲ್ಲರನ್ನೂ ಗೌರವಿಸಿ" ಎಂದು ಯಾರ ಮನಸ್ಸೂ ನೋಯದಂತೆ ಬರೆದ ಪಾಠ ಯಾರ ಮನಸ್ಸನ್ನೂ ತಟ್ಟುವುದಿಲ್ಲ. ಚೆಂಡು ಹಂಚುವುದು ಸುಲಭ, ಲೆಕ್ಕ ಕೊಡುವುದೂ ಸುಲಭ. ಪಾಠ ಮುಟ್ಟಿತೋ ಇಲ್ಲವೋ ಎಂಬುದಕ್ಕೆ ಲೆಕ್ಕ ಇಡುವ ರಿಜಿಸ್ಟರ್ ಯಾವ ಶಾಲೆಯಲ್ಲೂ ಇಲ್ಲ.

ಇಂಗ್ಲೆಂಡಿನ ಅನುಭವ ಬೇರೆ. ಅಲ್ಲಿ 1993ರಲ್ಲಿ ಶುರುವಾದ ಕಿಕ್ ಇಟ್ ಔಟ್ ಚಳವಳಿ ಕ್ಲಬ್ಬುಗಳ ಜೊತೆ ಗುದ್ದಾಡುತ್ತ ಬಂದರೆ, 1996ರಲ್ಲಿ ನ್ಯೂಕಾಸಲ್‌ನಲ್ಲಿ ಹುಟ್ಟಿದ 'ಶೋ ರೇಸಿಸಂ ದ ರೆಡ್ ಕಾರ್ಡ್' ನೇರ ತರಗತಿಗೆ ನುಗ್ಗಿತು. ಅದರ ಹಿಂದೆ ಗೋಲ್‌ಕೀಪರ್ ಶಾಕಾ ಹಿಸ್ಲಪ್‌ನ ಕಥೆಯಿದೆ. ಪೆಟ್ರೋಲ್ ಬಂಕಿನಲ್ಲಿ ಕೆಲವು ಹುಡುಗರು ಅವನ ಬಣ್ಣ ಹಿಡಿದು ಬೈದರು. ಅವರಲ್ಲೊಬ್ಬನಿಗೆ ಇವ ನಮ್ಮ ನ್ಯೂಕಾಸಲ್ ತಂಡದ ಗೋಲಿಯೆಂದು ಗುರುತು ಹತ್ತಿದ್ದೇ ಎಲ್ಲರೂ ಹಸ್ತಾಕ್ಷರ ಕೇಳಲು ಬಂದರು. ಹಿಸ್ಲಪ್ ಕೊಟ್ಟ 50 ಪೌಂಡಿನಿಂದ ಶುರುವಾದ ಆ ಸಂಸ್ಥೆ ಚಿತ್ರ, ಚರ್ಚೆಯ ಹಾಳೆ, ಆಟಗಾರರ ಭೇಟಿಗಳ ಮೂಲಕ ಶಾಲಾಮಕ್ಕಳಿಗೆ ಪಾಠ ಮಾಡುತ್ತಿದೆ. ಆ ಸಾಮಗ್ರಿಯನ್ನು ಕನ್ನಡಕ್ಕೆ ತಂದು ಹಂಚಿದರಾಯಿತು ಎನ್ನುವ ಉತ್ಸಾಹಿಗಳಿದ್ದಾರೆ. ನಾನು ಒಪ್ಪುವುದಿಲ್ಲ. ಕರಿಯ ಬಿಳಿಯ ಎಂಬ ಕಥೆ ಕೇಳಿ ನಮ್ಮ ಮಕ್ಕಳು ಆ ಬಿಳಿಯರನ್ನು ಬೈದು ನಿರಾಳವಾಗಿ ಮನೆಗೆ ಹೋಗುತ್ತಾರೆ. ಅಲ್ಲಿಂದ ತರಬೇಕಾದ್ದು ಪಾಠದ ಧಾಟಿಯನ್ನು: ತಮ್ಮದೇ ಊರಿನ, ತಮ್ಮದೇ ತಂಡದ ಮನುಷ್ಯನ ಅವಮಾನದಿಂದ ಮಾತು ಶುರುಮಾಡುವುದನ್ನು.

ಹಾಗೆ ಶುರುಮಾಡಲು ನಮ್ಮಲ್ಲಿ ಸರಕು ಬೇಕಾದಷ್ಟಿದೆ. 1876ರಲ್ಲಿ ಧಾರವಾಡದಲ್ಲಿ ಹುಟ್ಟಿದ ಪಾಲ್ವಣಕರ್ ಬಾಳೂ ಆ ಕಾಲದ ಭಾರತದ ಶ್ರೇಷ್ಠ ಸ್ಪಿನ್ ಬೌಲರ್. ಚಮ್ಮಾರ ಕುಟುಂಬದವರು. ಪುಣೆಯಲ್ಲಿ ಹಿಂದೂಗಳ ತಂಡಕ್ಕೆ ಅವರ ಬೌಲಿಂಗ್ ಬೇಕಿತ್ತು, ಚಹಾದ ಹೊತ್ತಿಗೆ ಮಾತ್ರ ಅವರಿಗೆ ಹೊರಗೆ ಬೇರೆ ಮಣ್ಣಿನ ಕಪ್ಪು. ಎಷ್ಟೇ ವಿಕೆಟ್ ಉರುಳಿಸಿದರೂ ಬಾಳೂಗೆ ಹಿಂದೂ ತಂಡದ ನಾಯಕತ್ವ ಸಿಗಲಿಲ್ಲ. 1923ರಲ್ಲಿ ಅವರ ತಮ್ಮ ವಿಠ್ಠಲನಿಗೆ ಸಿಕ್ಕಿತು. ಅದು ಕ್ರಿಕೆಟ್ಟಿನ ಕಥೆ ನಿಜ. ಆದರೆ ಬಾಟಲಿಗೆ ಬಾಯಿ ಹಚ್ಚುವ ಪ್ರಶ್ನೆ ಎದ್ದ ದಿನ ಗೋಕಾಕದ ಮೈದಾನದಲ್ಲಿ ಹೇಳಲು ಇದಕ್ಕಿಂತ ಹತ್ತಿರದ ಕಥೆ ಬೇರೊಂದಿಲ್ಲ.

ಫುಟ್‌ಬಾಲೇ ಬೇಕೆಂದರೆ 1948ರ ಲಂಡನ್ ಒಲಿಂಪಿಕ್ಸ್ ಇದೆ. ಸ್ವತಂತ್ರ ಭಾರತದ ಆ ತಂಡದ ನಾಯಕ ನಾಗಾ ಬೆಟ್ಟಗಳ ತಾಲಿಮೆರೆನ್ ಆವೊ. ಫ್ರಾನ್ಸ್ ಎದುರು 2-1ರಿಂದ ಸೋತ ಪಂದ್ಯದಲ್ಲಿ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಜೊತೆಗೆ ಬೆಂಗಳೂರಿನವರೇ ಆದ ಅಹ್ಮದ್ ಖಾನ್. ತಂಡದ ಬಹುತೇಕರು ಬರಿಗಾಲಿನಲ್ಲಿ ಆಡಿದರು. ಬೂಟಿಲ್ಲದ ಹುಡುಗನನ್ನು ಅಂಚಿಗೆ ಕೂಡಿಸುವ ಶಾಲೆಗೆ ಈ ಕಥೆ ಬೇಕು. ಬೂಟಿನ ನಿಯಮ ದೊಡ್ಡವರ ಪಂದ್ಯಕ್ಕಿರಲಿ. ಶಾಲೆಯೊಳಗಿನ ಆಟದಲ್ಲಿ ಒಬ್ಬನಿಗೆ ಬೂಟಿಲ್ಲದಿದ್ದರೆ ಎಲ್ಲರೂ ಬಿಚ್ಚಿಟ್ಟು ಆಡಲಿ.

ಈಗ ಸಾಮಗ್ರಿಗಳಲ್ಲೆಲ್ಲ ನನಗೆ ಹೆಚ್ಚು ಭರವಸೆ ಹುಟ್ಟಿಸಿದ್ದಕ್ಕೆ ಬರುತ್ತೇನೆ. 1994ರ ವಿಶ್ವಕಪ್ಪಿನಲ್ಲಿ ತಪ್ಪಿ ತನ್ನ ತಂಡದ ಗೋಲಿನೊಳಗೇ ಚೆಂಡು ಹೊಡೆದ ಕೊಲಂಬಿಯಾದ ಆಂದ್ರೆಸ್ ಎಸ್ಕೊಬಾರ್‌ನನ್ನು ಊರಿಗೆ ಮರಳಿದ ಕೆಲವೇ ದಿನಗಳಲ್ಲಿ ಮೆಡೆಯಿನ್ ನಗರದಲ್ಲಿ ಗುಂಡಿಟ್ಟು ಕೊಂದರು. ಆ ನಗರದಲ್ಲಿ ಗ್ಯಾಂಗುಗಳ ಹುಡುಗರನ್ನೇ ಕೂಡಿಸಿ ಶಾಂತಿಗಾಗಿ ಒಂದು ಬಗೆಯ ಫುಟ್‌ಬಾಲ್ ಆಡಿಸತೊಡಗಿದರು. ಹುಡುಗ ಹುಡುಗಿಯರು ಕೂಡಿದ ತಂಡ, ಮೊದಲ ಗೋಲು ಹುಡುಗಿಯೇ ಹೊಡೆಯಬೇಕು, ರೆಫರಿ ಇಲ್ಲ. ಇದು ಮುಂದೆ 'ಫುಟ್‌ಬಾಲ್ ತ್ರೀ' ಎಂಬ ಹೆಸರಿನಲ್ಲಿ ಜಗತ್ತಿಗೆ ಹರಡಿತು. ಆಟಕ್ಕೆ ಮೂರು ಭಾಗ. ಮೊದಲು ಎರಡೂ ತಂಡ ವೃತ್ತ ಕಟ್ಟಿ ಕೂತು ಇವತ್ತಿನ ನಿಯಮ ತಾವೇ ಹಾಕಿಕೊಳ್ಳುವುದು. ಆಮೇಲೆ ಆಡುವುದು. ಕೊನೆಗೆ ಮತ್ತೆ ಕೂತು ನಿಯಮ ಪಾಲಿಸಿದರೋ ಇಲ್ಲವೋ ಎಂದು ಪರಸ್ಪರ ಅಂಕ ಕೊಡುವುದು. ಗೋಲಿನ ಅಂಕಕ್ಕೆ ನಡತೆಯ ಅಂಕ ಕೂಡಿಸಿ ಗೆಲುವು ತೀರ್ಮಾನ. ಹೀಗಾಗಿ ಗೋಲು ಹೆಚ್ಚು ಹೊಡೆದ ತಂಡ ಸೋಲುವುದೂ ಉಂಟು.

ಮೂಡಲಗಿಯ ಒಂದು ಹೈಸ್ಕೂಲಿನಲ್ಲಿ ಇದನ್ನು ಆಡಿಸಿದರೆ ಹೇಗಿರಬಹುದು? ಮಕ್ಕಳೇ ನಿಯಮ ಹಾಕಲಿ. ಚೀಟಿ ಎತ್ತಿ ತಂಡ ಮಾಡುವುದು, ಕ್ಯಾಪ್ಟನ್ ಆರಿಸುವುದಲ್ಲ. ಹತ್ತು ನಿಮಿಷಕ್ಕೊಮ್ಮೆ ಗೋಲಿ ಬದಲು. ಹುಡುಗಿಯ ಕಾಲಿಗೆ ಚೆಂಡು ತಾಗದೆ ಗೋಲು ಲೆಕ್ಕಕ್ಕಿಲ್ಲ. ಬೈಗುಳದಲ್ಲಿ ಓಣಿಯ, ಅವ್ವನ, ಬಣ್ಣದ ಹೆಸರು ಬಂದರೆ ಎದುರು ತಂಡಕ್ಕೆ ಫ್ರೀಕಿಕ್. ನೀರಿನ ಕ್ಯಾನು ಒಂದೇ, ಲೋಟವೂ ಒಂದೇ. ಮೊದಲ ವಾರ ಇದು ಗದ್ದಲವಾಗುತ್ತದೆ. ಹುಡುಗಿಯ ಕಾಲಿಗೆ ಸುಮ್ಮನೆ ತಾಗಿಸಿ ಓಡುವ ಜಾಣತನ ಹುಡುಗರು ಕಂಡುಹಿಡಿಯುತ್ತಾರೆ. ಆಗ ಕೊನೆಯ ಕೂಟದಲ್ಲಿ ಆ ಹುಡುಗಿ ಎದ್ದು "ಸರ್, ನಂಗ ಚೆಂಡ ಕೊಡಲೇ ಇಲ್ಲ, ಬರೇ ಮುಟ್ಟಿಸಿದ್ರು" ಎಂದು ಹೇಳಿ, ಅದಕ್ಕೆ ಅವಳದೇ ತಂಡದ ಅಂಕ ಕಡಿಮೆಯಾದರೆ, ಅಲ್ಲಿ ಆಗುವ ಕಲಿಕೆ ಯಾವ ಭಾಷಣದಲ್ಲೂ ಆಗದು. ಇದಕ್ಕೆ ಆ್ಯಪ್ ಬೇಡ, ಪ್ರೊಜೆಕ್ಟರ್ ಬೇಡ, ಅನುದಾನ ಬೇಡ. ಬೇಕಾದ್ದು ಇಪ್ಪತ್ತು ನಿಮಿಷ ಹೆಚ್ಚಿನ ಸಮಯ, ಮತ್ತು ಸೀಟಿ ಕಿಸೆಯಲ್ಲಿಟ್ಟು ಕೂರುವ ತಾಳ್ಮೆಯ ಮಾಸ್ತರು. ಎರಡನೆಯದು ದುಬಾರಿ ಎಂದು ಬಲ್ಲೆ.

ಭಾರತದಲ್ಲಿ ಈ ಬಗೆಯ ಕೆಲಸ ಮಾಡಿದವರಲ್ಲಿ ನಾಗಪುರದ ಸ್ಲಂ ಸಾಕರ್ ಮುಂಚೂಣಿಯದು. 2001ರಲ್ಲಿ ಅದನ್ನು ಕಟ್ಟಿದ ವಿಜಯ್ ಬಾರ್ಸೆ ಹಿಸ್ಲಪ್ ಕಾಲೇಜಿನ ಕ್ರೀಡಾ ಅಧ್ಯಾಪಕರಾಗಿದ್ದವರು. ನ್ಯೂಕಾಸಲ್‌ನ ಗೋಲಿಗೂ ನಾಗಪುರದ ಕಾಲೇಜಿಗೂ ಹೆಸರು ಒಂದೇ ಆಗಿದ್ದು ಬರೀ ಕಾಕತಾಳೀಯ, ಆದರೂ ಚಂದ. ಬಾರ್ಸೆಯವರ ಬದುಕನ್ನಿಟ್ಟುಕೊಂಡು ನಾಗರಾಜ ಮಂಜುಳೆ 2022ರಲ್ಲಿ 'ಝುಂಡ್' ಚಿತ್ರ ಮಾಡಿದರು. ಗಡಿಯ ಈ ಕಡೆ 'ಸೈರಾಟ್' ನೋಡದ ಹುಡುಗರಿಲ್ಲ, ಸಂಕೇಶ್ವರ, ಹುಕ್ಕೇರಿಯ ಮಂದಿಗೆ ಮಂಜುಳೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. 'ಝುಂಡ್'ನಲ್ಲಿ ಆಟಕ್ಕಿಂತ ದೊಡ್ಡ ತೊಡಕು ಪಾಸ್‌ಪೋರ್ಟಿನದು. ಕೊಳೆಗೇರಿಯ ಮಕ್ಕಳು ಪಂದ್ಯಕ್ಕೆ ಹೋಗಬೇಕಾದರೆ ತಾವು ಯಾರೆಂದು ಕಾಗದದಲ್ಲಿ ತೋರಿಸಬೇಕು. ಎಂಟು, ಒಂಬತ್ತನೆಯ ತರಗತಿಗೆ ಈ ಚಿತ್ರದ ಕೆಲವು ದೃಶ್ಯ ತೋರಿಸಿ ಮಾತಾಡಿಸುವುದು ಯಾವ ಕೈಪಿಡಿಗೂ ಕಡಿಮೆಯಿಲ್ಲದ ಪಾಠ.

ಕಾಗದದ ತೊಡಕು ಸಿನಿಮಾದ ಕಲ್ಪನೆಯಲ್ಲ. ಝಾರ್ಖಂಡದ ರಾಂಚಿಯ ಹತ್ತಿರ ಯುವಾ ಎಂಬ ಸಂಸ್ಥೆ 2009ರಿಂದ ಹಳ್ಳಿಯ ಆದಿವಾಸಿ ಹುಡುಗಿಯರಿಗೆ ಫುಟ್‌ಬಾಲ್ ಕಲಿಸುತ್ತಿದೆ. 2013ರಲ್ಲಿ ಆ ಹುಡುಗಿಯರು ಸ್ಪೇನಿನ ಪಂದ್ಯಾವಳಿಗೆ ಹೊರಟಾಗ ಜನ್ಮಪ್ರಮಾಣ ಪತ್ರಕ್ಕೆಂದು ಪಂಚಾಯ್ತಿ ಕಚೇರಿಗೆ ಹೋದರೆ ಅಲ್ಲಿ ಅವರಿಂದ ಕಸ ಹೊಡೆಸಿದರು, ಕಪಾಳಕ್ಕೆ ಹೊಡೆದರು. ಸ್ಪೇನಿನಿಂದ ಅವರು ಪದಕ ತಂದರು. 2019ರಲ್ಲಿ ಸಂಸ್ಥೆಗೆ ಲಾರೆಸ್ ಪ್ರಶಸ್ತಿ ಬಂತು.

ನಮ್ಮ ಸೀಮೆಯಲ್ಲಿ ಈ ತೊಡಕಿಗೆ ಬೇರೆಯೇ ಮುಖ. ಸವದತ್ತಿಯ ಎಲ್ಲಮ್ಮನಿಗೆ ಬಿಟ್ಟ ಹೆಣ್ಣುಮಕ್ಕಳು, ಅವರ ಮಕ್ಕಳು ಗೋಕಾಕ, ಹುಕ್ಕೇರಿ, ರಾಯಬಾಗ, ಅಥಣಿ ಭಾಗದಲ್ಲಿ ಸಾಕಷ್ಟಿದ್ದಾರೆ, ಬಹುಪಾಲು ದಲಿತ ಕೇರಿಗಳವರು. ದೇವದಾಸಿ ಬಿಡುವುದನ್ನು ನಿಷೇಧಿಸುವ ಕಾನೂನು 1982ರದು. ಸ್ವತಃ ಬಾಲ್ಯದಲ್ಲಿ ದೇವದಾಸಿಯಾಗಿ ಬಿಡಲ್ಪಟ್ಟ ಸೀತವ್ವ ಜೋಡಟ್ಟಿ, ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯ ಮೂಲಕ ದೇವದಾಸಿಯರನ್ನೇ ಸಂಘಟಿಸಿ ಈ ಪದ್ಧತಿಯ ವಿರುದ್ಧ ನಿಂತರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆದರೆ ಕ್ರೀಡಾಕೂಟದ ಪ್ರವೇಶ ಅರ್ಜಿ ಹಿಡಿದು ನಿಂತ ಹುಡುಗಿಗೆ ಎದುರಾಗುವುದು ಒಂದೇ ಗೆರೆ: ತಂದೆಯ ಹೆಸರು. ಅದನ್ನು ಖಾಲಿ ಬಿಟ್ಟರೆ ಗುಮಾಸ್ತ ಕೇಳುತ್ತಾನೆ, ಹಿಂದೆ ಸಾಲಿನಲ್ಲಿ ನಿಂತವರು ಕೇಳಿಸಿಕೊಳ್ಳುತ್ತಾರೆ. ಆ ಮಗು ಆಟ ಬಿಡಲು ಅಷ್ಟು ಸಾಕು. 2025ರಲ್ಲಿ ವಿಧಾನಮಂಡಲ ಒಪ್ಪಿದ ಹೊಸ ದೇವದಾಸಿ ಮಸೂದೆ ಈ ಮಕ್ಕಳ ದಾಖಲೆಗಳಲ್ಲಿ ತಂದೆಯ ಹೆಸರಿಗೆ ಒತ್ತಾಯಿಸಬಾರದು ಎನ್ನುತ್ತದೆ. ಆ ಅರ್ಜಿಯಲ್ಲಿ "ತಾಯಿ ಅಥವಾ ಪೋಷಕರ ಹೆಸರು" ಎಂದು ತಿದ್ದಿದರೆ, ಒಳಗೊಳ್ಳುವಿಕೆಯ ಬಗ್ಗೆ ಹತ್ತು ಪೋಸ್ಟರ್ ಅಂಟಿಸಿದ್ದಕ್ಕಿಂತ ಹೆಚ್ಚು ಕೆಲಸ ಆಗುತ್ತದೆ. ಯುರೋಪಿನ ಯಾವ ಕೈಪಿಡಿಯಲ್ಲೂ ಈ ಅಂಶ ಸಿಗದು, ಅದನ್ನು ಬರೆಯಬೇಕಾದವರು ನಾವೇ.

ಬಣ್ಣದ ನಿಂದನೆಯೂ ನಮಗೆ ದೂರದ್ದಲ್ಲ. ಇದೇ ಜಿಲ್ಲೆಯ ಖಾನಾಪುರ ಕಾಡಿನಂಚಿನಲ್ಲಿ ಆಫ್ರಿಕಾ ಮೂಲದ ಸಿದ್ದಿಗಳಿದ್ದಾರೆ. ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2020ರಲ್ಲಿ. 1987ರ ಹೊತ್ತಿಗೆ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಓಟಗಾರರನ್ನಾಗಿ ತಯಾರು ಮಾಡಿ ಕೆಲವೇ ವರ್ಷಗಳಲ್ಲಿ ಆ ಯೋಜನೆ ಕೈಬಿಟ್ಟಿತು. ಕೇರಳದ ಮಲಪ್ಪುರಂನಂಥ ಫುಟ್‌ಬಾಲ್ ಹುಚ್ಚಿನ ನಾಡಿನಲ್ಲೂ 2024ರ ಮಾರ್ಚ್‌ನಲ್ಲಿ ಅರೀಕ್ಕೋಡಿನ ಪಂದ್ಯವೊಂದರಲ್ಲಿ ಐವರಿ ಕೋಸ್ಟಿನ ಆಟಗಾರನನ್ನು ಪ್ರೇಕ್ಷಕರು ಬಣ್ಣ ಹಿಡಿದು ಬೈದು ಅಟ್ಟಾಡಿಸಿ ಹೊಡೆದರು. ಆಟದ ಮೇಲಿನ ಪ್ರೀತಿ ತಾನಾಗಿಯೇ ಮನುಷ್ಯನನ್ನು ತಿದ್ದುತ್ತದೆ ಎನ್ನುವವರು ಇದನ್ನು ನೆನಪಿಡಬೇಕು.

ಹುಡುಗಿಯರ ವಿಷಯದಲ್ಲಿ ಮಾತಿನ ಪಾಠಕ್ಕಿಂತ ಮೊದಲು ಕಟ್ಟಡದ ಪಾಠ ಬೇಕು. ಮೈದಾನದ ಹತ್ತಿರ ಬಾಗಿಲಿರುವ ಶೌಚಾಲಯ, ಬಟ್ಟೆ ಬದಲಿಸಲು ಒಂದು ಕೋಣೆ, ಸಂಜೆ ಆರರೊಳಗೆ ಊರು ಮುಟ್ಟುವ ಬಸ್ಸು. ಇವಿಲ್ಲದೆ ಸಮಾನತೆಯ ಘೋಷಣೆ ಕೂಗಿಸುವುದು ನಾಚಿಕೆಗೇಡು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 21.3 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಒಂಬತ್ತನೆಯ ತರಗತಿಯ ಒಳ್ಳೆಯ ಆಟಗಾರ್ತಿ ಹತ್ತನೆಯ ತರಗತಿ ಮುಗಿದ ಮೇಲೆ ಕಾಣೆಯಾಗುವುದಕ್ಕೆ ಅದೂ ಒಂದು ಕಾರಣ. ತಲೆಗೆ ಬಟ್ಟೆ ಕಟ್ಟಿಕೊಂಡು ಆಡಲು ಫಿಫಾ 2014ರಲ್ಲೇ ಅನುಮತಿ ಕೊಟ್ಟಿದೆ. ಗೋಕಾಕ, ಸಂಕೇಶ್ವರದ ಉರ್ದು ಶಾಲೆಗಳ ಹುಡುಗಿಯರಿಗೆ ಇದನ್ನು ಯಾರಾದರೂ ಹೇಳಬೇಕು. ಇನ್ನು ನಡಿಗೆ, ಮಾತಿನಲ್ಲಿ ಮೃದುವಾದ ಹುಡುಗನನ್ನು "ಜೋಗಪ್ಪ" ಎಂದು ಕರೆದು ನಗುವುದು ಎಲ್ಲಮ್ಮನ ಈ ನಾಡಿನಲ್ಲಿ ತಮಾಷೆಯೆಂದೇ ನಡೆದಿದೆ. ಗುಡ್ಡದಲ್ಲಿ ಜೋಗಪ್ಪನ ಕಾಲಿಗೆ ಬೀಳುವ ಊರೇ ಮೈದಾನದಲ್ಲಿ ಆ ಹೆಸರನ್ನು ಬೈಗುಳ ಮಾಡಿಕೊಂಡಿದೆ.

ಕೈಪಿಡಿಗಳ ಮೇಲೆ ಅತಿ ನಂಬಿಕೆಯೂ ಬೇಡ. ಪಕ್ಕದ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ 2014ರಿಂದ 2017ರವರೆಗೆ ಪರಿಶಿಷ್ಟ ಜಾತಿ, ಪಂಗಡಗಳ ಹುಡುಗಿಯರು ಶಾಲೆ ಬಿಡದಂತೆ, ಬೇಗ ಮದುವೆಯಾಗದಂತೆ 'ಸಮತಾ' ಎಂಬ ಕಾರ್ಯಕ್ರಮ ನಡೆಸಿತು. ಹುಡುಗಿಯರು, ಪಾಲಕರು, ಶಾಲೆ ಎಲ್ಲರ ಜೊತೆ ಕೆಲಸವಾಯಿತು. ಕಟ್ಟುನಿಟ್ಟಾಗಿ ಅಳೆದು ನೋಡಿದಾಗ ಎರಡೂ ಜಿಲ್ಲೆ ಸೇರಿಸಿದ ಲೆಕ್ಕದಲ್ಲಿ ಬಯಸಿದ ಬದಲಾವಣೆ ಕಾಣಲಿಲ್ಲ, ವಿಜಯಪುರದಲ್ಲಿ ಮಾತ್ರ ಸ್ವಲ್ಪ ಫಲ ಕಂಡಿತು. ಅಷ್ಟು ಸಜ್ಜಾದ ಕೆಲಸಕ್ಕೇ ಹೀಗಾದರೆ, ಒಂದು ದಿನದ ಕಾರ್ಯಾಗಾರ ಮಾಡಿ ಫೋಟೊ ತೆಗೆದು ಮುಗಿಸುವ ತರಬೇತಿಯಿಂದ ಏನಾದೀತು? ಮಾಡುವುದು ಸಣ್ಣದಿರಲಿ, ಆದರೆ ವಾರಾವಾರ ನಡೆಯಲಿ.

ಅಂಗವೈಕಲ್ಯವಿರುವ ಮಕ್ಕಳಿಗೆ ಗೆಜ್ಜೆಯ ಸದ್ದಿನ ಚೆಂಡು, ಸಣ್ಣ ಅಂಗಳದ ಆಟ ಮುಂತಾದ ದಾರಿಗಳಿವೆ, ಅವು ಪ್ರತ್ಯೇಕ ಲೇಖನದ ವಿಷಯ. ಈ ಪಾಠಗಳು ನಾಟದಿದ್ದಾಗ ಕೊನೆಯ ಅಸ್ತ್ರವಾಗಿ ಕಾನೂನಿದೆ. 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ನಾಲ್ಕು ಜನರ ಎದುರು ಪರಿಶಿಷ್ಟರನ್ನು ಜಾತಿ ಹೆಸರು ಹಿಡಿದು ನಿಂದಿಸುವುದು ಅಪರಾಧ, ಮೈದಾನ ಅದಕ್ಕೆ ಹೊರತಲ್ಲ. ಕೋಚ್‌ಗಳಿಗೆ, ಪಂದ್ಯಾವಳಿ ನಡೆಸುವ ಯುವಕ ಮಂಡಳಿಗಳಿಗೆ ಇದು ಗೊತ್ತಿರಬೇಕು. ಹದಿನಾಲ್ಕರ ಹುಡುಗನಿಗೆ ಮಾತ್ರ ಮೊದಲು ಪೊಲೀಸರ ಹೆದರಿಕೆ ಹಾಕುವ ಬದಲು ವೃತ್ತದಲ್ಲಿ ಕೂಡಿಸಿ ಮಾತಾಡಿಸುವುದು ಮೇಲು.

ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ವಲಯಗಳು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಹಾಗಾಗಿ ಕೇಳಬೇಕಾದ ಕಚೇರಿಯೂ ಒಂದೇ. ಮುಂದಿನ ವಲಯ ಮಟ್ಟದ ಕ್ರೀಡಾಕೂಟಕ್ಕೆ ಮೊದಲು ದೈಹಿಕ ಶಿಕ್ಷಕರನ್ನು ಒಂದು ಕಡೆ ಕೂಡಿಸಿ, ಭಾಷಣ ಮಾಡದೆ, ಅವರಿಂದಲೇ ಮೂರು ಭಾಗದ ಒಂದು ಪಂದ್ಯ ಆಡಿಸಿ. ಇಲ್ಲಿನ ಬೈಗುಳ, ಇಲ್ಲಿನ ನೀರು, ಇಲ್ಲಿನ ಅರ್ಜಿಯ ಬಗ್ಗೆ ಅವರು ಹೇಳಿದ್ದನ್ನು ಒಂದೇ ಹಾಳೆಯಲ್ಲಿ ಕನ್ನಡ, ಉರ್ದು, ಮರಾಠಿಯಲ್ಲಿ ಅಚ್ಚು ಹಾಕಿಸಿ ಪ್ರತಿ ಶಾಲೆಗೆ ಕಳಿಸಿ. ಪ್ರವೇಶ ಅರ್ಜಿಯ ಆ ಒಂದು ಗೆರೆಯನ್ನು ಈ ವರ್ಷವೇ ತಿದ್ದಿ.